ಕೂಸು ಸುಮ್ಮನಾಗುವವರೆಗೆ ಕಾಯುತ್ತೇನೆ

ಸಿಂಧನೂರಿನಲ್ಲಿ ಸ್ಕ್ಯಾನಿಂಗ್ ಶುರು ಮಾಡಿದ ಮೊದಲ ವರ್ಷ ನನ್ನಿಂದ ಒಂದು ತಪ್ಪಾಗಿತ್ತು. ಎಂಟು ತಿಂಗಳ ಬಸುರಿ, ಕೂಸಿನ ತೂಕ ಕಡಿಮೆ ಅಂತ ಹೊಕ್ಕುಳಬಳ್ಳಿಯ ಡಾಪ್ಲರ್, ಅಂದ್ರೆ ರಕ್ತದ ಹರಿವನ್ನು ಅಲೆಯಾಗಿ ತೋರಿಸುವ ಸ್ಕ್ಯಾನ್, ನೋಡಿದೆ. ಅಲೆ ಏರಿ, ಇಳಿದು, ಮುಂದಿನ ಬಡಿತಕ್ಕೆ ಮೊದಲೇ ತಳದ ಗೆರೆ ಮುಟ್ಟುತ್ತಿತ್ತು. ಅಂದ್ರೆ ಆ ಹೊತ್ತಿನಲ್ಲಿ ಮಾಸಿನ ಕಡೆಗೆ ರಕ್ತವೇ ಹರಿಯುತ್ತಿಲ್ಲ. ಗಾಬರಿಯಾಗಿ ಆವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿದೆ. ಅಲ್ಲಿ ನೋಡಿದರೆ ಹರಿವು ಸರಿಯಾಗೇ ಇತ್ತು. ನಾನು ಮಷಿನ್‌ನಲ್ಲಿ ವಾಲ್ ಫಿಲ್ಟರ್ ಜಾಸ್ತಿ ಇಟ್ಟಿದ್ದೆ, ನಿಧಾನವಾಗಿ ಹರಿಯುವ ರಕ್ತದ ಗುರುತನ್ನೆಲ್ಲ ಅದು ಅಳಿಸಿಬಿಟ್ಟಿತ್ತು. ಕೂಲಿ ಬಿಟ್ಟು, ಸಾಲ ಮಾಡಿ, ಗಾಡಿ ಹಿಡಿದು ಹೋದ ಆ ಮನೆಯವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಈಗ ಬಸುರಿಯನ್ನು ಸ್ವಲ್ಪ ಎಡಕ್ಕೆ ಓರೆಯಾಗಿ ಮಲಗಿಸುತ್ತೇನೆ. ಬಳ್ಳಿ ನೀರಿನಲ್ಲಿ ಸಡಿಲವಾಗಿ ತೇಲುವ ಜಾಗ ಹುಡುಕುತ್ತೇನೆ, ಯಾಕಂದ್ರೆ ಕೂಸಿನ ಹೊಕ್ಕುಳ ಹತ್ತಿರ ಹಿಡಿದರೆ ಹರಿವಿಗೆ ತಡೆ ಜಾಸ್ತಿ ಕಾಣುತ್ತೆ, ಮಾಸಿನ ಹತ್ತಿರ ಕಡಿಮೆ. ಫಿಲ್ಟರ್ 60 ಹರ್ಟ್ಸ್ ದಾಟಿಸುವುದಿಲ್ಲ. ಕೂಸು ಒದೆಯುತ್ತಿದ್ದರೆ, ಉಸಿರಾಡುವ ಹಾಗೆ ಎದೆ ಏರಿಳಿಸುತ್ತಿದ್ದರೆ, ಪ್ರೋಬ್ ಹಿಡಿದು ಸುಮ್ನೆ ಕೂರುತ್ತೇನೆ, ಹೊರಗೆ ಎಷ್ಟೇ ಜನ ಕಾದಿರಲಿ. ಒಂದೇ ಎತ್ತರದ ಐದಾರು ಅಲೆ ಸಾಲಾಗಿ ಬಂದ ಮೇಲೇ ಫ್ರೀಜ್ ಒತ್ತುವುದು.

ಆಮೇಲೆ ಮಿದುಳಿನ ರಕ್ತನಾಳ, ನಾವು ಎಂಸಿಎ ಅನ್ನೋದು. ಪ್ರೋಬ್‌ನಿಂದ ತಲೆ ಒತ್ತಬಾರದು, ಒತ್ತಿದರೆ ಅಲೆಯೇ ಬದಲಾಗುತ್ತೆ. ಅಲೆಯ ಏರಿಳಿತದಿಂದ ಹರಿವಿನ ತಡೆ ಅಳೆಯುವ ಲೆಕ್ಕಕ್ಕೆ ಪಿಐ ಅಂತೀವಿ; ಸಾಮಾನ್ಯವಾಗಿ ಬಳ್ಳಿಯ ಪಿಐಗಿಂತ ಇಲ್ಲಿನ ಪಿಐ ಜಾಸ್ತಿ ಇರುತ್ತೆ. ಅದು ತಿರುಗಾಮುರುಗಾ ಆದರೆ ನಾನು ಎರಡನ್ನೂ ಮತ್ತೆ ಅಳೆಯುತ್ತೇನೆ.

ಕಳೆದ ಬೇಸಿಗೆಯಲ್ಲಿ ಬಂದ ಹುಡುಗಿಗೆ ಹಾಗೇ ಆಗಿತ್ತು. 31 ವಾರ, ಬಿಪಿ ಬೇರೆ. ಜೊತೆಗೆ ಬಂದ ಅತ್ತೆ, “ಕೂಸಿಗೆ ರಕ್ತ ಸಾಲಂಗಿಲ್ಲ ಅಂದ್ರ ಇಕಿಗೆ ಎರಡು ಬಾಟ್ಲಿ ಹಾಕ್ರಿ ಡಾಕ್ಟ್ರೇ” ಅಂದರು. ನಾನು ಕಾಲುವೆ ಲೆಕ್ಕದಲ್ಲಿ ಹೇಳಿದೆ: “ಡ್ಯಾಮಿನ್ಯಾಗ ನೀರೈತಿ ಅಮ್ಮಾ, ಹೊಲಕ್ಕ ಬರೋ ಕಾಲುವ್ಯಾಗ ಹೂಳು ತುಂಬೈತಿ. ಬಂದಷ್ಟು ನೀರನ್ನ ಕೂಸು ಸಸಿಮಡಿಗೆ ತಿರುವಿಕೊಂಡೈತಿ, ಅಂದ್ರ ತಲಿಗೆ.” ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರಿನವರು, ತಕ್ಷಣ ಅರ್ಥವಾಯಿತು. “ಹಂಗಾದ್ರ ಎಷ್ಟು ದಿನ ತಡೀತೈತ್ರಿ?” ಅಂತ ಕೇಳಿದರು. ಸರಿಯಾದ ಪ್ರಶ್ನೆ ಅದು.

ವಾರಕ್ಕೆ ಎರಡು ಸಲ ಕರೆಸಿದೆವು. ಹೆರಿಗೆ ಡಾಕ್ಟರು ಕೂಸಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟರು. 33ನೇ ವಾರದಲ್ಲಿ, ಆ ಮೊದಲ ವರ್ಷ ಕಂಡ ಹಾಗೇ, ಬಳ್ಳಿಯ ಅಲೆ ತಳದ ಗೆರೆ ಮುಟ್ಟಿತು. ಫಿಲ್ಟರ್ ಇಳಿಸಿ ನೋಡಿದೆ. ಬಳ್ಳಿಯ ಬೇರೆ ಎರಡು ಕಡೆ ಹಿಡಿದು ನೋಡಿದೆ. ಕೂಸು ಮಿಸುಕಾಡುತ್ತಿತ್ತು, ಕಾದೆ. ಮೂರು ಕಡೆಯೂ ಅದೇ. ರಿಪೋರ್ಟ್ ಬರೆಯುವುದಕ್ಕೂ ಮುಂಚೆ ಫೋನ್ ಮಾಡಿದೆ, ಆ ಸಂಜೆಯೇ ಸಿಸೇರಿಯನ್ ಆಯಿತು. ಕೂಸು 1 ಕಿಲೋ 400 ಗ್ರಾಂ ಇತ್ತು, ಹುಟ್ಟಿದ ಕೂಡಲೇ ಅತ್ತಿತು.