ಮಂಕಾದ ನಿಕಲ್ ಟ್ಯಾಂಕಿಗೆ ಇದ್ದಿಲ ಚಿಕಿತ್ಸೆ

ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಶಾಪುಗಳಿಗೆ, ಅಂದರೆ ಕರೆಂಟ್ ಹಾಯಿಸಿ ಸರಕಿಗೆ ಲೋಹದ ಲೇಪ ಕೊಡುವ ಶಾಪುಗಳಿಗೆ, ಬರವಿಲ್ಲ. ನಿಕಲ್ ಟ್ಯಾಂಕ್ ನೋಡಿಕೊಳ್ಳುವ ಯಾರನ್ನೇ ಕೇಳಿ, ಈ ಕಾಟ ಗೊತ್ತಿರುತ್ತದೆ. ನಿನ್ನೆಯವರೆಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಲೇಪ ಇವತ್ತು ಮಂಕು. ಮೇಲೆಲ್ಲ ಸೂಜಿಮೊನೆಯಷ್ಟು ಗುಳಿ. ಬಗ್ಗಿಸಿದರೆ ಬಿರುಕು. ಕೂಡಲೇ ಕೈ ಹೋಗುವುದು ಲೇಪಕ್ಕೆ ಹೊಳಪು ಕೊಡುವ ಬ್ರೈಟ್ನರ್ ಕ್ಯಾನಿಗೆ. ಎಡವಟ್ಟಾಗುವುದೂ ಅಲ್ಲೇ. ಹಳೇ ಬ್ರೈಟ್ನರ್ ಒಡೆದು ಉಳಿದ ಕಸ, ಸರಕಿನ ಜೊತೆ ಬಂದ ಎಣ್ಣೆಜಿಡ್ಡು ದ್ರಾವಣದಲ್ಲಿ ಸೇರಿಕೊಂಡಿರುವಾಗ ಹೊಸದನ್ನು ಸುರಿದರೆ ಕಸ ಜಾಸ್ತಿಯಾಗುತ್ತದೆ, ಅಷ್ಟೆ.

ಈ ಕಸ ತೆಗೆಯುವುದು ಆಕ್ಟಿವೇಟೆಡ್ ಕಾರ್ಬನ್. ಒಲೆಯ ಇದ್ದಿಲಿಗೆ ಹತ್ತಿರದ ನೆಂಟ. ತೆಂಗಿನ ಕರಟದ ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಒಂದು ಗ್ರಾಮಿನ ಒಳಮೈ ಲೆಕ್ಕ ಹಾಕಿದರೆ ಸುಮಾರು 1000 ಚದರ ಮೀಟರ್. ಏಳೆಂಟು ಕಬಡ್ಡಿ ಅಂಕಣ! ಜರಡಿಯಂತೆ ಇದು ಸೋಸುವುದಿಲ್ಲ. ಕಸದ ಅಣುಗಳು ರಂಧ್ರದ ಗೋಡೆಗೆ ಅಂಟಿಕೊಳ್ಳುತ್ತವೆ, ನಿಕಲ್ ಲವಣ ಬಹುಪಾಲು ನೀರಲ್ಲೇ ಉಳಿಯುತ್ತದೆ.

ಮೊದಲು ದ್ರಾವಣವನ್ನು ಬೇರೆ ಟ್ಯಾಂಕಿಗೆ ಪಂಪ್ ಮಾಡಿ. ಪ್ಲೇಟಿಂಗ್ ಟ್ಯಾಂಕಿಗೇ ಕಾರ್ಬನ್ ಪುಡಿ ಸುರಿಯಬೇಡಿ. ಉಳಿದ ಕಣಗಳು ಸೇರಿ ಲೇಪ ಮರಳುಕಾಗದದಂತೆ ಒರಟಾಗುತ್ತದೆ.

ಕೊಳೆ ಜಾಸ್ತಿ ಇದ್ದರೆ ಕಾರ್ಬನ್ನಿಗೆ ಮೊದಲು, ಕೊಳೆ ಒಡೆಯುವ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಕೈಗವಸು, ಕನ್ನಡಕ ಹಾಕಿಕೊಂಡು, ನೀರಲ್ಲಿ ತೆಳು ಮಾಡಿ, ಕಲಕುತ್ತಾ ನಿಧಾನ ಹಾಕಿ. ಬ್ರೈಟ್ನರ್ ಕಂಪನಿ ಹೇಳಿದ ಅಳತೆ ಮೀರಬೇಡಿ. ಆಮೇಲೆ 60–65 ಡಿಗ್ರಿಗೆ ಕಾಯಿಸಿ ಕೆಲವು ಗಂಟೆ ಬಿಡಿ. ಪೆರಾಕ್ಸೈಡ್ ಪೂರ್ತಿ ಹೋಗಬೇಕು.

ಈಗ ಕಾರ್ಬನ್. ಸಾಮಾನ್ಯವಾಗಿ ಲೀಟರಿಗೆ 2ರಿಂದ 5 ಗ್ರಾಂ. ಗಂಧಕವಿಲ್ಲದ, ಪ್ಲೇಟಿಂಗಿಗೆಂದೇ ಮಾರುವ ಪುಡಿ ತನ್ನಿ. ಅಗ್ಗದ್ದು ತಂದರೆ ಒಂದು ಕೊಳೆ ತೆಗೆದು ಇನ್ನೊಂದು ಹಾಕಿದಂತೆ, ಅಲ್ವಾ? ಒಂದೆರಡು ಗಂಟೆ ಚೆನ್ನಾಗಿ ಕಲಕಿ, ರಾತ್ರಿಯಿಡೀ ತಂಗಲು ಬಿಡಿ. ಅಣು ಒಳರಂಧ್ರದವರೆಗೆ ಸೇರಲು ಹೊತ್ತು ಬೇಕು. ನಾಳೆ ಡೆಲಿವರಿ ಇದೆಯೆಂದು ಅರ್ಧ ಗಂಟೆಗೇ ಫಿಲ್ಟರ್ ಹಾಕುವವರು ವಾರದೊಳಗೆ ಮತ್ತೆ ಇದೇ ಕೆಲಸ ಮಾಡುತ್ತಾರೆ!

ಬೆಳಿಗ್ಗೆ ತಳ ಕದಡದಂತೆ ಮೇಲಿನಿಂದ ಫಿಲ್ಟರ್ ಮಾಡಿ, ತೊಳೆದ ಟ್ಯಾಂಕಿಗೆ ತುಂಬಿ. ಪಿಎಚ್ 4ರ ಆಸುಪಾಸಿಗೆ ತನ್ನಿ. ಒಳ್ಳೆಯ ಬ್ರೈಟ್ನರನ್ನೂ ಇದ್ದಿಲು ಹಿಡಿದಿಟ್ಟಿರುತ್ತದೆ, ಅದನ್ನು ಮತ್ತೆ ಸೇರಿಸಬೇಕು. ಎಷ್ಟೆಂದು ಸುಮ್ನೆ ಅಂದಾಜು ಬೇಡ. 267 ಮಿಲಿಲೀಟರ್ ಹಿಡಿಯುವ ಪುಟ್ಟ ಪರೀಕ್ಷಾ ತೊಟ್ಟಿಯಾದ ಹಲ್ ಸೆಲ್‌ನಲ್ಲಿ ಲೋಹದ ಪಟ್ಟಿಗೆ ಲೇಪ ಕೊಟ್ಟು ನೋಡಿ, ಆಮೇಲೆ ಹಾಕಿ. ಆಗಲೂ ಮಂಕು ಹೋಗದಿದ್ದರೆ ತಾಮ್ರ, ಸತುವಿನ ಬೆರಕೆ ಇರಬಹುದು. ಅದು ಇದ್ದಿಲಿಗೆ ಸಿಗುವುದಲ್ಲ. ಕಡಿಮೆ ಕರೆಂಟಿನಲ್ಲಿ ಡಮ್ಮಿ ಪ್ಲೇಟಿಂಗ್ ಮಾಡಬೇಕು, ಅಂದರೆ ಸರಕಿನ ಬದಲು ಬೇಡದ ತಗಡು ಇಳಿಬಿಟ್ಟು ಆ ಬೆರಕೆ ಲೋಹ ಅದರ ಮೇಲೆ ಕೂರುವಂತೆ ಮಾಡಬೇಕು.

ತಳದ ಕಪ್ಪು ಕೆಸರಲ್ಲಿ ನಿಕಲ್ ಇರುತ್ತದೆ. ಚರಂಡಿಗೆ ಬಿಡಬೇಡಿ, ಕಸದ ಗಾಡಿಗೂ ಹಾಕಬೇಡಿ. ಡ್ರಮ್ಮಿಗೆ ತುಂಬಿ ಲೇಬಲ್ ಹಚ್ಚಿ, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿ ಇರುವವರಿಗೇ ಕೊಡಿ.