ಪ್ರತಿಭಟನೆಯಿಂದ ಏನಾಯಿತು? ದಾವಣಗೆರೆಯ ನನ್ನ ಅನುಭವ

ಲಿಂಗತ್ವ ಅಲ್ಪಸಂಖ್ಯಾತರಾದ ನಮ್ಮನ್ನು ಕಂಡರೆ ಮುಖ ಸಿಂಡರಿಸುವವರ ವಿರುದ್ಧ ಬೀದಿಗಿಳಿಯುವುದು ಸರಿಯೇ, ಸರಿಯಾದರೂ ಅದರಿಂದ ಏನಾದರೂ ಆಗುತ್ತದೆಯೇ ಎಂದು ಹಲವು ವರ್ಷಗಳಿಂದ ನನ್ನನ್ನು ಕೇಳುತ್ತಲೇ ಬಂದಿದ್ದಾರೆ. ಕೇಳಿದವರಲ್ಲಿ ಪತ್ರಕರ್ತರಿದ್ದಾರೆ, ಪೊಲೀಸರಿದ್ದಾರೆ, ನಮ್ಮವರು ಒಟ್ಟಾಗಿ ಬಾಳುವ ಮನೆಯಾದ ಹಮಾಮಿನ ಹಿರಿಯರೂ ಇದ್ದಾರೆ. ಇಷ್ಟು ದಿನ ಬಾಯಿಮಾತಿನಲ್ಲಿ ಉತ್ತರ ಹೇಳುತ್ತಿದ್ದೆ. ಈಗ ಬರೆಯುವುದಕ್ಕೆ ಕಾರಣವಿದೆ: 2019ರಲ್ಲಿ ನಮ್ಮವರಿಗೆ ಒಂದೇ ಒಂದು ಮನೆಯನ್ನೂ ಬಾಡಿಗೆಗೆ ಕೊಡದಿದ್ದ ಬಡಾವಣೆಯಲ್ಲಿ ಇಂದು ಏಳು ಮನೆಗಳಲ್ಲಿ ನಮ್ಮವರು ವಾಸವಾಗಿದ್ದಾರೆ, ಆ ಏಳೂ ಕರಾರು ಪತ್ರಗಳಲ್ಲಿ ಅವರು ತಾವೇ ಇಟ್ಟುಕೊಂಡ ಹೆಸರಿದೆ. ಹೀಗಾಗಲು ಸಾಧ್ಯವೇ ಇಲ್ಲ ಎಂದು ಅಂದು ಹೇಳಿದವರೆಲ್ಲ ನನಗೆ ನೆನಪಿದ್ದಾರೆ. ಅವರಲ್ಲಿ ಇಬ್ಬರು ಈಗ ನಮ್ಮ ಜೊತೆಯಲ್ಲೇ ಕೆಲಸ ಮಾಡುತ್ತಿದ್ದಾರೆ.

ಮೊದಲು ಸೋತದ್ದನ್ನು ಹೇಳುತ್ತೇನೆ. 2018 ಮತ್ತು 2019ರಲ್ಲಿ ಜಯದೇವ ಸರ್ಕಲ್‌ನಲ್ಲಿ ನಾವು ಐದೋ ಆರೋ ಧರಣಿ ಮಾಡಿದೆವು. ಒಂದೊಂದಕ್ಕೂ ಶಾಮಿಯಾನಕ್ಕೆ ಎರಡೂವರೆ ಸಾವಿರ, ಮೈಕ್ ಸೆಟ್ಟಿಗೆ ಸಾವಿರದ ಎಂಟುನೂರು, ಎರಡು ಫ್ಲೆಕ್ಸಿಗೆ ಒಂಬೈನೂರು, ಹರಿಹರ, ಜಗಳೂರು, ಹೊನ್ನಾಳಿ ಕಡೆಯಿಂದ ಬರುವವರ ಬಸ್ ಚಾರ್ಜು ಮತ್ತು ಎಲ್ಲರ ಊಟಕ್ಕೆ ನಾಲ್ಕೈದು ಸಾವಿರ, ಹೀಗೆ ಹತ್ತು ಸಾವಿರದ ಆಸುಪಾಸು ಖರ್ಚಾಗುತ್ತಿತ್ತು. ಇದು ರಸೀದಿಯಲ್ಲಿ ಕಾಣುವ ಲೆಕ್ಕ. ಅಂಗಡಿ ಅಂಗಡಿ ತಿರುಗಿ ದಿನಕ್ಕೆ ನಾಲ್ಕೈದು ನೂರು ರೂಪಾಯಿ ತರುವ ನಲವತ್ತು ಜನ ಒಂದು ದಿನ ಸರ್ಕಲ್‌ನಲ್ಲಿ ಕುಳಿತರೆ ಇನ್ನೂ ಹದಿನೆಂಟು ಸಾವಿರ ಹೋಯಿತು ಎಂಬುದನ್ನು ಯಾವ ಸಂಘಟನೆಯೂ ಲೆಕ್ಕಪುಸ್ತಕದಲ್ಲಿ ಬರೆಯುವುದಿಲ್ಲ. ಎರಡನೆಯ ಧರಣಿಯ ವಾರ ನಮ್ಮಲ್ಲೊಬ್ಬಳು ಬಾಡಿಗೆ ಕಟ್ಟಲಾಗದೆ ಬೆಳ್ಳಿಯ ಕಾಲ್ಗೆಜ್ಜೆಯನ್ನು ಒತ್ತೆಯಿಟ್ಟಳು, ಅದನ್ನು ಬಿಡಿಸಿಕೊಳ್ಳಲು ಅವಳಿಗೆ ಐದು ತಿಂಗಳು ಹಿಡಿಯಿತು. ಇಷ್ಟೆಲ್ಲ ಮಾಡಿ ನಮಗೆ ದೊರೆತದ್ದು ಪತ್ರಿಕೆಯಲ್ಲಿ ಒಂದು ಫೋಟೋ ಮತ್ತು ಮನವಿಯ ಮೇಲೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಷರಾ. ಪ್ರತಿ ಶುಕ್ರವಾರ ತಪ್ಪದೆ ಹತ್ತು ರೂಪಾಯಿ ಕೊಡುತ್ತಿದ್ದ ವ್ಯಾಪಾರಿಯೊಬ್ಬರು, ರಸ್ತೆ ತಡೆದು ತಮ್ಮ ಒಂದು ದಿನದ ವ್ಯಾಪಾರ ಕೆಡಿಸಿದಿರಿ ಎಂದು ಆಮೇಲೆ ನಮ್ಮ ಮುಖ ನೋಡುವುದನ್ನೇ ಬಿಟ್ಟರು.

ಇದನ್ನು ಓದಿ ಯಾರಾದರೂ ಪ್ರತಿಭಟನೆಗೆ ಆಧಾರವೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. 1871ರ ಬ್ರಿಟಿಷ್ ಕಾಯ್ದೆ ಮಕ್ಕಳನ್ನು ಕದಿಯುವವರೆಂಬ ಗುಮಾನಿಯ ಮೇಲೆ ನಮ್ಮ ಹಿಂದಿನವರ ಹೆಸರು, ವಿಳಾಸಗಳನ್ನು ಪಟ್ಟಿ ಮಾಡಿಸುತ್ತಿತ್ತು. ಅದೇ ಮಾತನ್ನು 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮಾಗಿ ಮತ್ತೆ ಸೇರಿಸಲಾಯಿತು. ಹೋರಾಟ ನಡೆದು, ಹೈಕೋರ್ಟಿಗೆ ಅರ್ಜಿ ಹೋದ ಮೇಲೆಯೇ ಆ ಕಲಮಿನಿಂದ ನಮ್ಮನ್ನು ಗುರಿಮಾಡಿದ್ದ ಪದವನ್ನು ತೆಗೆದರು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ನಾನು ಯಾರೆಂದು ಹೇಳುವ ಹಕ್ಕು ನನ್ನದೇ ಎಂದು ತೀರ್ಪಿತ್ತಿತು. ಹಾಗಿದ್ದೂ 2018ರಲ್ಲಿ ಲೋಕಸಭೆ ಅಂಗೀಕರಿಸಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯಲ್ಲಿ ನಮ್ಮನ್ನು ಪರೀಕ್ಷಿಸುವ ಜಿಲ್ಲಾ ಸಮಿತಿಯಿತ್ತು, ಭಿಕ್ಷಾಟನೆಯ ಕಲಮಿತ್ತು. ದೇಶದುದ್ದಕ್ಕೂ ನಮ್ಮವರು ಬೀದಿಗಿಳಿದರು. 2019ರ ಕಾಯ್ದೆಯಲ್ಲಿ ಆ ಎರಡೂ ಇರಲಿಲ್ಲ. ಧರಣಿಯಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ನಾನು ಮೊದಲು ಇದನ್ನೇ ತೋರಿಸುತ್ತೇನೆ. ಆದರೆ ಅದೇ ಕಾಯ್ದೆಯ 18ನೆಯ ಕಲಂ ನಮ್ಮ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ವಿಧಿಸಿದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಮಾತ್ರ. ಮಹಿಳೆಯ ಮೇಲೆ ಅತ್ಯಾಚಾರವಾದರೆ ಆಗಿನ ದಂಡಸಂಹಿತೆಯಲ್ಲಿ ಕನಿಷ್ಠ ಶಿಕ್ಷೆಯೇ ಹತ್ತು ವರ್ಷವಿತ್ತು. ನಮ್ಮ ದೇಹದ ಬೆಲೆಯನ್ನು ಇಷ್ಟು ಕಡಿಮೆಯೆಂದು ಕಾನೂನೇ ಬರೆದಿಟ್ಟಾಗ ಕೂಗದೆ ಇರುವುದಾದರೂ ಹೇಗೆ?

ಹಾಗಾದರೆ ಸರ್ಕಲ್‌ನಲ್ಲಿ ನಮ್ಮದು ಏಕೆ ನೆಲಕಚ್ಚಿತು? ಕೊರೋನಾದ ದಿನಗಳಲ್ಲಿ ಹಳೆಯ ಮನವಿಗಳನ್ನೆಲ್ಲ ಮುಂದಿಟ್ಟುಕೊಂಡು ಓದಿದಾಗ ನನಗೆ ಉತ್ತರ ಹೊಳೆಯಿತು. ಪ್ರತಿ ಮನವಿಯಲ್ಲೂ ಹನ್ನೊಂದು, ಹನ್ನೆರಡು ಬೇಡಿಕೆಗಳಿದ್ದವು: ನಿವೇಶನ, ಮೀಸಲಾತಿ, ಸರ್ಕಾರ ಮೈತ್ರಿ ಯೋಜನೆಯಡಿ ನಮಗೆ ಕೊಡುವ ಮಾಸಾಶನದ ಹೆಚ್ಚಳ, ಮಸೂದೆಯ ತಿದ್ದುಪಡಿ. ಅವುಗಳಲ್ಲಿ ಎಂಟು ನಮ್ಮ ಜಿಲ್ಲೆಯ ಯಾವ ಅಧಿಕಾರಿಯ ಕೈಯಲ್ಲೂ ಇರಲಿಲ್ಲ. ಕೊಡಲಾರದವರನ್ನು ಕೇಳಿದರೆ ಷರಾ ಬರೆದು ಕಳಿಸದೆ ಮತ್ತೇನು ಮಾಡಿಯಾರು? ಅಂದಿನಿಂದ ಒಂದು ಬೇಡಿಕೆ, ಒಬ್ಬ ಅಧಿಕಾರಿ, ಒಂದು ತಾರೀಖು ಎಂದು ನಿಶ್ಚಯಿಸಿಕೊಂಡೆ.

ಮೊದಲನೆಯದಕ್ಕೆ ವಿಷಯ ಕೈಗೆಟಕುವಂತೆಯೇ ಇತ್ತು. ಗುರುತಿನ ಪ್ರಮಾಣಪತ್ರಕ್ಕೆ ಅಫಿಡವಿಟ್ ಸಾಕು, ದೇಹ ಪರೀಕ್ಷೆ ಕೂಡದು ಎಂದು ಅದೇ ಕಾಯ್ದೆಯ 2020ರ ನಿಯಮಗಳು ಸ್ಪಷ್ಟವಾಗಿ ಹೇಳಿದ್ದವು. ಆದರೂ ನಾವು ಹೋದ ಕಚೇರಿಯೊಂದರಲ್ಲಿ ವೈದ್ಯರ ಪತ್ರ ತನ್ನಿ ಎನ್ನುತ್ತಿದ್ದರು. 2022ರಲ್ಲಿ ಒಂದು ಸೋಮವಾರ ನಾವು ಒಂಬತ್ತು ಜನ ಮೈಕಿಲ್ಲದೆ, ಘೋಷಣೆಯಿಲ್ಲದೆ ಆ ಕಚೇರಿಯ ವರಾಂಡದಲ್ಲಿ ಕುಳಿತೆವು. ನಿಯಮದ ಪ್ರತಿಯನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡಕ್ಕೆ ಬರೆಸಿ ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಇಟ್ಟಿದ್ದೆವು. ಗುಮಾಸ್ತರು ಮೊದಲು ಓದದೆಯೇ ಹಿಂದಿರುಗಿಸಿದರು; ಎರಡನೆಯ ಸಲ ಕನ್ನಡಕ ಹಾಕಿಕೊಂಡು, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ಓದಿದರು, ‘ಪರೀಕ್ಷೆ’ ಎಂಬ ಪದದ ಕೆಳಗೆ ಬೆರಳು ನಿಂತಿತು, ಮಾತಾಡದೆ ಎದ್ದು ಒಳಗೆ ಹೋದರು. ಹದಿನೇಳನೆಯ ದಿನಕ್ಕೆ ವೈದ್ಯರ ಪತ್ರ ಕೇಳುವುದು ನಿಂತಿತು. ಝೆರಾಕ್ಸ್, ಆಟೋ, ಚಹಾ ಸೇರಿ ಅಂದಿನ ಖರ್ಚು ಇನ್ನೂರ ಅರವತ್ತು ರೂಪಾಯಿ. ಮನವಿಯ ನಕಲಿನ ಮೇಲೆ ಸ್ವೀಕೃತಿಯ ಸಹಿಯ ಜೊತೆಗೆ ಉತ್ತರದ ತಾರೀಖನ್ನೂ ಅವರ ಕೈಯಿಂದಲೇ ಬರೆಸಿಕೊಳ್ಳುವ ಒಂದು ಉಪಾಯ ನಮ್ಮಲ್ಲಿದೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ನಡೆಯುವುದಿಲ್ಲವಾದ್ದರಿಂದ ಬರೆಯುವುದಿಲ್ಲ.

ಆ ಗೆಲುವಿನ ಹುರುಪಿನಲ್ಲಿಯೂ ಒಂದು ಮಾತು ಕೊರೆಯುತ್ತಿತ್ತು. ಪ್ರಮಾಣಪತ್ರ ಕೈಯಲ್ಲಿದ್ದವಳಿಗೂ ಮನೆ ಸಿಗುತ್ತಿರಲಿಲ್ಲ. ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇಕಡಾ 1ರಷ್ಟು ಮೀಸಲಾತಿಯನ್ನು ಕರ್ನಾಟಕ 2021ರಲ್ಲೇ ಜಾರಿಗೆ ತಂದಿದ್ದರೂ, ಅರ್ಜಿ ಹಾಕಲು ಓದಬೇಕಾದ ಹುಡುಗಿಗೆ ಮಲಗಲು ಕೋಣೆಯಿರಲಿಲ್ಲ. ಕಚೇರಿಯಲ್ಲಿ ನಿಯಮ ತೋರಿಸಬಹುದು, ಮನೆಯ ಯಜಮಾನಿಗೆ ಏನನ್ನು ತೋರಿಸುವುದು? ನಮ್ಮ ಮೇಲಿನ ಹೇಸಿಗೆ ಅವಳ ಮನಸ್ಸಿನಲ್ಲಿದೆ, ಕಡತದಲ್ಲಲ್ಲ.

ಈ ನಡುವೆ ಒಂದು ಪ್ರಯೋಗ ಮಾಡಿದೆವು. ಎಲ್ಲಮ್ಮನಿಗೆ ಮುಡಿಪಾದ ಜೋಗತಿಯರ ನೃತ್ಯಕ್ಕಾಗಿ ಪದ್ಮಶ್ರೀ ಪಡೆದ, ನಮ್ಮವರೇ ಆದ ಮಂಜಮ್ಮ ಜೋಗತಿಯವರು ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಮೊದಲು ಕಲಿತದ್ದು ನಮ್ಮ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಂಡ ಒಬ್ಬ ತಂದೆ ಮತ್ತು ಮಗನಿಂದ ಎಂಬುದು ಈ ಊರಿನವರು ಹೆಮ್ಮೆಪಡಬೇಕಾದ ಸಂಗತಿ. ಆ ನೆನಪಿನಲ್ಲಿ ಚೌಡಿಕೆ ವಾದ್ಯ ಹಿಡಿದು ನಾವೂ ಹಾಡಿದೆವು, ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗುವ ಭಕ್ತರ ನಡುವೆಯೂ ಹಾಡಿದೆವು. ಜನ ಕೈಮುಗಿದರು, ಕಾಲಿಗೆ ಬಿದ್ದರು, ನೋಟು ಕೊಟ್ಟರು. ಅಂದು ಕಾಲಿಗೆ ಬಿದ್ದವರಲ್ಲಿ ನನಗೆ ಗೊತ್ತಿದ್ದ ಒಬ್ಬರನ್ನು ಮರುವಾರ ಮನೆ ಕೇಳಿದೆ. ‘ತಾಯಿ, ಅದು ಬೇರೆ, ಇದು ಬೇರೆ’ ಎಂದರು. ಭಕ್ತಿಯಿಂದ ಬಾಡಿಗೆ ಮನೆ ಹುಟ್ಟುವುದಿಲ್ಲ ಎಂದು ಆ ದಿನ ತಿಳಿದುಕೊಂಡೆ.

ಆಮೇಲೆ ಹಿಡಿದ ದಾರಿ ಮನೆಮನೆಯ ಬಾಗಿಲು ತಟ್ಟಿ ಮಾತನಾಡುವುದು; ಆ ಯೋಚನೆ ನನ್ನದಲ್ಲ. ಅಮೆರಿಕದ ಮಯಾಮಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಗೆಳತಿಯೊಬ್ಬಳು ಓದಿ ಹೇಳಿದಳು: ಮನೆಬಾಗಿಲಲ್ಲಿ ಹತ್ತು ನಿಮಿಷ ಕುಳಿತು, ವಾದ ಮಾಡದೆ, ಅವರದೇ ಬದುಕಿನಲ್ಲಿ ಜನ ಅವರನ್ನು ಕೀಳಾಗಿ ಕಂಡ ಸಂದರ್ಭವನ್ನು ನೆನಪಿಸುವಂತೆ ಕೇಳಿದರೆ ನಮ್ಮಂಥವರ ಮೇಲಿನ ತಿರಸ್ಕಾರ ಕಡಿಮೆಯಾಗುತ್ತದೆ, ಮೂರು ತಿಂಗಳ ನಂತರವೂ ಆ ಬದಲಾವಣೆ ಉಳಿದಿತ್ತು, ಮಾತನಾಡಿದವರು ನಮ್ಮವರೇ ಆಗಿರಬೇಕೆಂದೂ ಇರಲಿಲ್ಲ. ಮಯಾಮಿಯ ಮಾತು ಮಂಡಕ್ಕಿ ಭಟ್ಟಿಯ ಊರಿನಲ್ಲಿ ನಡೆದೀತೇ ಎಂದು ಎಲ್ಲರೂ ಅನುಮಾನಪಟ್ಟರು. ಇದು ಹಕ್ಕು ಕೇಳುವುದಲ್ಲ, ಅಂಗಲಾಚುವುದು ಎಂದು ಬೆಂಗಳೂರಿನ ಗೆಳೆಯರು ಬೇಸರಪಟ್ಟುಕೊಂಡರು.

ಮೊದಲ ಮೂರು ವಾರ ಹಾಳಾದವು. ಐದು ಜನ ಒಟ್ಟಾಗಿ ಹೋಗುತ್ತಿದ್ದೆವು, ಜನ ಕಿಟಕಿಯಿಂದಲೇ ನೋಡಿ ಚಿಲಕ ಹಾಕುತ್ತಿದ್ದರು. ತೆರೆದವರು ಮೊರದಲ್ಲಿ ಅಕ್ಕಿ, ಹತ್ತು ರೂಪಾಯಿ ತಂದು ನಿಲ್ಲುತ್ತಿದ್ದರು. ತೆಗೆದುಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಬೇಡವೆಂದರೆ ಶಾಪ ಹಾಕಿದೆವೇನೋ ಎಂದು ಹೆದರುತ್ತಿದ್ದರು. ಬಾಗಿಲಿಗೆ ಬಂದ ಅಕ್ಕಿಯನ್ನು ಬೇಡವೆನ್ನುವುದು ಎಲ್ಲಮ್ಮನಿಗೆ ಅಪಚಾರವೆಂದು ನಮ್ಮ ಗುರುವೂ ಕೋಪಿಸಿಕೊಂಡರು. ಅವರ ಮಾತು ನನಗೆ ದೊಡ್ಡದು. ಕೊನೆಗೆ ಎಲ್ಲಮ್ಮನ ಬುಟ್ಟಿಯಾದ ಪಡಲಗಿ ಹೊತ್ತವರು ಈ ಕೆಲಸಕ್ಕೆ ಬರಬಾರದು, ಈ ಕೆಲಸಕ್ಕೆ ಹೋದವರು ಆ ಬೀದಿಯಲ್ಲಿ ಎಂದೂ ಕೈಯೊಡ್ಡಬಾರದು ಎಂದು ಒಪ್ಪಂದವಾಯಿತು. ಇಬ್ಬಿಬ್ಬರಂತೆ, ನಮ್ಮವಳೊಬ್ಬಳು, ಜೊತೆಗೆ ಆ ಬಡಾವಣೆಗೆ ಪರಿಚಿತರಾದ ಅಂಗನವಾಡಿಯ ಅಥವಾ ಸ್ವಸಹಾಯ ಸಂಘದ ಒಬ್ಬ ಮಹಿಳೆ, ಸಂಜೆ ನಾಲ್ಕರಿಂದ ಆರರವರೆಗೆ ಮಾತ್ರ ಹೋಗತೊಡಗಿದೆವು.

ಒಂದು ಬಾಗಿಲಿನ ಮಾತನ್ನು ಬರೆಯುತ್ತೇನೆ. ಹತ್ತಿ ಗಿರಣಿಯಲ್ಲಿ ದುಡಿದು ತೀರಿಕೊಂಡವರ ಹೆಂಡತಿ, ಎಪ್ಪತ್ತರ ಹತ್ತಿರದ ಅಜ್ಜಿ, ಜಗಲಿಯಲ್ಲಿ ಮೊರವಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮಹಡಿಯ ಮೇಲೆ ಎರಡು ಕೋಣೆ ಖಾಲಿಯಿದ್ದವು. ‘ನೀವು ಬಂದರೆ ಕೆಳಗಿನವರು ಖಾಲಿ ಮಾಡಿಕೊಂಡು ಹೋಗುತ್ತಾರೆ’ ಎಂದರು, ತಲೆಯೆತ್ತದೆ. ನಾನು ವಾದ ಮಾಡಲಿಲ್ಲ. ಏನೂ ತಪ್ಪು ಮಾಡದಿದ್ದರೂ ನಿಮ್ಮನ್ನು ಕಂಡ ಕೂಡಲೇ ಜನ ದೂರ ಸರಿದದ್ದು ಎಂದಾದರೂ ಉಂಟೇ ಎಂದು ಕೇಳಿದೆ. ಮೊರದಲ್ಲಿ ಅವರ ಕೈ ನಿಂತಿತು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಗಂಡ ಸತ್ತ ಮೇಲೆ ತಂಗಿಯ ಮದುವೆಯ ದಿನ ತಮ್ಮನ್ನು ಅಡಿಗೆ ಕೋಣೆಯಿಂದ ಹೊರಗೆ ಬರಬೇಡವೆಂದದ್ದನ್ನು ಹೇಳಿದರು. ಬಹಳ ಹೊತ್ತು ಹೇಳಿದರು. ಆಮೇಲೆ ಅದೇ ಬೆರಳುಗಳಿಂದ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದು, ‘ನಿಮಗೂ ಹಾಗೇ ಅನ್ನಿಸುತ್ತದೇನು?’ ಎಂದು ಕೇಳಿದರು. ಮೂರನೆಯ ಭೇಟಿಗೆ ಮಹಡಿಯ ಕೀಲಿ ಕೊಟ್ಟರು. ಇಪ್ಪತ್ತು ಸಾವಿರ ಮುಂಗಡ ಕೇಳಿದ್ದವರು ಹದಿನೈದಕ್ಕೆ ಇಳಿಸಿದರು. ಕೆಳಗಿನವರು ಖಾಲಿ ಮಾಡಲಿಲ್ಲ. ಬಾಗಿಲು ತೆರೆದಾಗ ನಾವು ಆಡುವ ಮೊದಲ ವಾಕ್ಯ ಯಾವುದೆಂಬುದನ್ನು ಮಾತ್ರ, ಬಂದು ಒಂದು ವಾರ ಜೊತೆಯಲ್ಲಿ ನಡೆದವರಿಗೇ ಹೇಳುತ್ತೇನೆ.

ಹದಿನಾಲ್ಕು ತಿಂಗಳಲ್ಲಿ ಸುಮಾರು ಆರುನೂರು ಬಾಗಿಲು ತಟ್ಟಿರಬಹುದು. ಇನ್ನೂರರಷ್ಟು ತೆರೆಯಲೇ ಇಲ್ಲ, ಇನ್ನೂರಕ್ಕೆ ಮಾತು ಎರಡು ನಿಮಿಷ ದಾಟಲಿಲ್ಲ, ಉಳಿದವರ ಜೊತೆ ಕುಳಿತು ಮಾತಾಡಿದೆವು. ಹೋದವರಿಗೆ ದಿನಗೂಲಿಯಂತೆ ಮುನ್ನೂರು ಕೊಟ್ಟು, ಚಹಾ, ಪೆಟ್ರೋಲು ಸೇರಿ ನಲವತ್ತೈದು ಸಾವಿರದೊಳಗೆ ಮುಗಿಯಿತು. ಗಳಿಕೆ ಬಿಟ್ಟದ್ದನ್ನೂ ಸೇರಿಸಿದರೆ ಹಿಂದಿನ ಎರಡು ಧರಣಿಗೆ ಇದಕ್ಕಿಂತ ಹೆಚ್ಚು ಹೋಗಿತ್ತು.

ಇಷ್ಟಾದರೂ ನಾನು ಬೀದಿಯನ್ನು ಬಿಟ್ಟಿಲ್ಲ. ಹೋದ ವರ್ಷ ನಮ್ಮವಳೊಬ್ಬಳ ಮೇಲೆ ರಾತ್ರಿ ಹಲ್ಲೆಯಾಗಿ ದೂರು ದಾಖಲಿಸಲು ಮೀನಮೇಷ ಎಣಿಸಿದಾಗ, ಬೆಳಗಾಗುವುದರೊಳಗೆ ಮೂವತ್ತು ಜನ ಠಾಣೆಯೊಂದರ ಮುಂದೆ ನಿಂತೆವು, ಹನ್ನೊಂದು ಗಂಟೆಗೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಅಂಥ ಹೊತ್ತಿನಲ್ಲಿ ಯಾರ ಮನಸ್ಸು ಬದಲಾಗಲೆಂದೂ ಕಾಯುವುದಿಲ್ಲ. ಅಂದು ನಮ್ಮ ಹಿಂದೆ ನಿಂತಿದ್ದವರಲ್ಲಿ ನಾಲ್ವರು ನಾವು ಬಾಗಿಲು ತಟ್ಟಿದ ಮನೆಗಳವರು. ಅಜ್ಜಿಯ ಮನೆಯ ಕೆಳಗಿನ ಬಾಡಿಗೆಯವರೂ ಇದ್ದರು. 2019ರಲ್ಲಿ ಸರ್ಕಲ್‌ನಲ್ಲಿ ನಾವು ಎಷ್ಟು ಕೂಗಿದರೂ ಹೊರಗಿನ ಒಬ್ಬರೂ ಬಂದು ಪಕ್ಕದಲ್ಲಿ ನಿಂತಿರಲಿಲ್ಲ.

ದಸರೆಯ ನಂತರ ಹರಿಹರದಲ್ಲಿ ಎರಡು ಬೀದಿಗಳನ್ನು ಆರಿಸಿಕೊಂಡಿದ್ದೇವೆ. ಆ ಬೀದಿಗಳಲ್ಲಿ ಪರಿಚಯವಿರುವ, ಸಂಜೆ ಎರಡು ಗಂಟೆ ಬಿಡುವಿರುವ, ಎದುರಿನವರು ಮಾತು ಮುಗಿಸುವವರೆಗೆ ಸುಮ್ಮನಿರಬಲ್ಲ ನಾಲ್ಕು ಮಹಿಳೆಯರು ಬೇಕಾಗಿದ್ದಾರೆ, ಇಬ್ಬರು ಸಿಕ್ಕಿದ್ದಾರೆ.