ಬೈಕ್ ನಿಂತ ಕಡೆಯಿಂದ ಶುರು: ಹಾರ್ಡ್ ಎಂಡ್ಯೂರೋಗೆ ನನ್ನ ಬೈಕ್ ಸಜ್ಜು ಮಾಡಿದ ಅನುಭವ

ಹಾರ್ಡ್ ಎಂಡ್ಯೂರೋ ಅಂದರೆ ಬಂಡೆ, ಕಡಿದಾದ ದಿಬ್ಬ, ಮರದ ದಿಮ್ಮಿ ದಾಟುತ್ತಾ ಹೋಗುವ ಕಷ್ಟದ ಆಫ್‌ರೋಡ್ ಬೈಕ್ ಆಟ. ಅಂಥ ಮೊದಲ ಸವಾರಿಯಲ್ಲಿ ನನ್ನ ಬೈಕ್ ಮೂರು ಸಲ ನಿಂತಿತು. ಮೊದಲು ಕ್ಲಚ್ ಲಿವರ್ ಮುರಿಯಿತು. ಗೆಳೆಯನ ಹತ್ತಿರ ಇದ್ದ ಲಿವರ್ ಹಾಕಿಕೊಂಡು ಹೊರಟರೆ ಮುಂದಿನ ದಿಬ್ಬದಲ್ಲಿ ಕೂಲೆಂಟ್ ಕುದಿದು ಉಕ್ಕಿತು. ತಣಿಯಲಿ ಅಂತ ಅರ್ಧ ಗಂಟೆ ಕಾದು, ಇದ್ದ ಕುಡಿಯುವ ನೀರನ್ನೇ ರೇಡಿಯೇಟರ್‌ಗೆ ಸುರಿದು ಮತ್ತೆ ಹೊರಟೆ. ಬಂಡೆಗಳ ಮಧ್ಯೆ ಎಡಕ್ಕೆ ಬಿದ್ದೆ, ರೇಡಿಯೇಟರ್ ಬಗ್ಗಿ ಸೋರತೊಡಗಿತು. ಅಲ್ಲಿಗೆ ಆ ದಿನ ಮುಗಿಯಿತು.

ಆ ಸವಾರಿಗೆ ಮೊದಲೇ ನಾನು ಬೈಕಿಗೆ ಸಾಕಷ್ಟು ಖರ್ಚು ಮಾಡಿದ್ದೆ. ಹೊಸ ಸೈಲೆನ್ಸರ್, ಹೊಸ ರೀಡ್ ವಾಲ್ವ್, ಚೆಂದದ ಗ್ರಿಪ್ಪು, ಸ್ಟಿಕ್ಕರ್. ಇವುಗಳಲ್ಲಿ ಒಂದೂ ಆ ಮೂರು ತೊಂದರೆಗಳಲ್ಲಿ ಒಂದನ್ನೂ ತಡೆಯಲಿಲ್ಲ. ಅವತ್ತು ರಾತ್ರಿ ಒಂದು ಸಣ್ಣ ಪುಸ್ತಕ ತೆಗೆದು ಬರೆದೆ: ಲಿವರ್, ಕುದಿತ, ರೇಡಿಯೇಟರ್. ಅಲ್ಲಿಂದ ಇವತ್ತಿನವರೆಗೂ ಅದೇ ನನ್ನ ಪದ್ಧತಿ. ಪ್ರತಿ ಸವಾರಿಯ ನಂತರ ಬೈಕನ್ನು, ಇಲ್ಲವೇ ನನ್ನನ್ನು, ಏನು ನಿಲ್ಲಿಸಿತು ಅಂತ ಬರೆಯುತ್ತೇನೆ. ಪುಸ್ತಕದಲ್ಲಿ ಇಲ್ಲದ ವಸ್ತುವನ್ನು ಕೊಳ್ಳುವುದಿಲ್ಲ.

ನನ್ನದು 300 ಸಿಸಿ ಟೂ ಸ್ಟ್ರೋಕ್, ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿ, ಸೆಕೆಂಡ್ ಹ್ಯಾಂಡ್. ಕೆಟಿಎಂ, ಹಸ್ಕ್ವಾರ್ನ, ಗ್ಯಾಸ್‌ಗ್ಯಾಸ್, ಬೀಟಾ, ಶೆರ್ಕೊ ಎಲ್ಲರೂ ಈ ಅಳತೆಯ ಟೂ ಸ್ಟ್ರೋಕ್ ಮಾಡುತ್ತಾರೆ, ಈ ಆಟದಲ್ಲಿ ಜಾಸ್ತಿ ಕಾಣುವುದೂ ಅದೇ. ಕಾರಣ ಸರಳ: ತೂಕ ಕಡಿಮೆ, ಕೆಳ ಆರ್‌ಪಿಎಂನಲ್ಲೇ ಎಳೆತ ಇದೆ, ಇಂಜಿನ್ ಬಿಚ್ಚಿ ಜೋಡಿಸುವುದೂ ಸುಲಭ. 250 ಫೋರ್ ಸ್ಟ್ರೋಕ್ ಇದ್ದರೆ ಅದನ್ನು ಮಾರಬೇಕಾಗಿಲ್ಲ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಅದಕ್ಕೂ ಹೊಂದುತ್ತದೆ.

ಒಂದು ವಿಷಯ ಮೊದಲೇ ತಲೆಗೆ ಹೋಗಬೇಕು. ಹಾರ್ಡ್ ಎಂಡ್ಯೂರೋದಲ್ಲಿ ವೇಗ ತುಂಬಾ ಕಡಿಮೆ. ಆಸ್ಟ್ರಿಯಾದ ಕಬ್ಬಿಣದ ಗಣಿಯಲ್ಲಿ 1995ರಿಂದ ನಡೆಯುತ್ತಿರುವ ಎರ್ಜ್‌ಬರ್ಗ್ ರೋಡಿಯೊ ಸ್ಪರ್ಧೆಯಲ್ಲಿ ಕಾರ್ಲ್ಸ್ ಡಿನ್ನರ್ ಅಂತ ಒಂದು ಬಂಡೆಗಳ ಭಾಗ ಇದೆ. ಅಲ್ಲಿ ಜಗತ್ತಿನ ಅತ್ಯುತ್ತಮ ಸವಾರರೂ ನಡೆಯುವ ವೇಗದಲ್ಲೇ ಹೋಗುತ್ತಾರೆ, ಕೆಲವರು ಬೈಕಿನ ಪಕ್ಕ ನಡೆದು ತಳ್ಳುತ್ತಾರೆ. ಇಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ರೇಡಿಯೇಟರ್‌ಗೆ ಮಾತ್ರ ಗಾಳಿ ಇಲ್ಲ. ಬೈಕ್ ಪದೇ ಪದೇ ಬೀಳುತ್ತದೆ. ಬಿದ್ದಾಗ ಉಳಿಯಬೇಕು, ನಿಂತಲ್ಲೇ ದುಡಿದಾಗ ತಣ್ಣಗಿರಬೇಕು. ನನ್ನ ಕೆಲಸವೆಲ್ಲ ಈ ಎರಡರ ಸುತ್ತಲೇ.

ಮೊದಲು ರಕ್ಷಣೆ. ರೇಡಿಯೇಟರ್‌ಗೆ ಅಲ್ಯೂಮಿನಿಯಂ ಬ್ರೇಸ್, ಅಂದರೆ ಬಗ್ಗದಂತೆ ಹಿಡಿಯುವ ಚೌಕಟ್ಟು, ಹಾಕಿದೆ. ಬರೀ ಮುಂದಿನ ಜಾಲರಿ ಕಲ್ಲನ್ನು ತಡೆಯುತ್ತದೆ, ಬದಿಯಿಂದ ಬೀಳುವ ಭಾರವನ್ನು ತಡೆಯುವುದಿಲ್ಲ. ಬ್ರೇಸ್ ಕೊಳ್ಳುವಾಗ ಅದು ಹಿಂದಿನಿಂದಲೂ ಆಧಾರ ಕೊಡುತ್ತದಾ ಅಂತ ನೋಡಿ. ಇಂಜಿನ್ ಕೆಳಗೆ ಪ್ಲಾಸ್ಟಿಕ್ ಸ್ಕಿಡ್ ಪ್ಲೇಟ್. ಅಲ್ಯೂಮಿನಿಯಂ ಗಟ್ಟಿ ನಿಜ, ಆದರೆ ಬಂಡೆಯ ಮೂಲೆಗೆ ಕಚ್ಚಿಕೊಂಡು ನಿಲ್ಲುತ್ತದೆ, ಸದ್ದೂ ಜಾಸ್ತಿ. ದಪ್ಪ ಪ್ಲಾಸ್ಟಿಕ್ ಮರದ ದಿಮ್ಮಿಯ ಮೇಲೆ ಜಾರುತ್ತದೆ, ಬೈಕ್ ಹೊಟ್ಟೆಯ ಮೇಲೆ ಕೂತರೂ ಎಳೆದು ದಾಟಿಸಬಹುದು. ಟೂ ಸ್ಟ್ರೋಕ್‌ನ ಎಕ್ಸ್‌ಪ್ಯಾನ್ಷನ್ ಚೇಂಬರ್, ಅಂದರೆ ಎಕ್ಸಾಸ್ಟಿನ ದಪ್ಪ ಪೈಪು, ಹೊರಗೆ ಉಬ್ಬಿಕೊಂಡೇ ಇರುತ್ತದೆ, ಅದಕ್ಕೂ ಒಂದು ಗಾರ್ಡ್ ಬೇಕು. ಹಿಂದಿನ ಡಿಸ್ಕಿಗೆ ಗಟ್ಟಿ ಗಾರ್ಡ್ ಹಾಕಿದೆ, ಕಲ್ಲಿನಿಂದ ಇಳಿಯುವಾಗ ಡಿಸ್ಕ್ ಬಗ್ಗಿದರೆ ಚಕ್ರವೇ ತಿರುಗುವುದಿಲ್ಲ.

ಲಿವರ್ ವಿಷಯ. ಹ್ಯಾಂಡ್‌ಗಾರ್ಡ್ ಎರಡೂ ತುದಿಯಲ್ಲಿ ಬಿಗಿಯಾಗಿ ಕೂರುವಂಥದ್ದು ಹಾಕಿದೆ. ಜೊತೆಗೆ ಒಂದು ಸಣ್ಣ ಕೆಲಸ ಮಾಡಿದೆ, ಅದೇ ಜಾಸ್ತಿ ಉಳಿತಾಯ ಮಾಡಿದೆ ಅಂತ ನನ್ನ ನಂಬಿಕೆ. ಕ್ಲಚ್ ಮತ್ತು ಬ್ರೇಕ್ ಲಿವರಿನ ಹಿಡಿಕೆ ಹ್ಯಾಂಡಲ್ ಮೇಲೆ ಕೂರುವ ಜಾಗಕ್ಕೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಮೂರ್ನಾಲ್ಕು ಸುತ್ತು ಸುತ್ತಿ, ಬೋಲ್ಟನ್ನು ಅರೆಬಿಗಿ ಮಾಡಿದೆ. ಸವಾರಿಯಲ್ಲಿ ಅಲುಗುವುದಿಲ್ಲ, ಬಿದ್ದಾಗ ಮಾತ್ರ ಹಿಡಿಕೆ ತಿರುಗಿಕೊಳ್ಳುತ್ತದೆ, ಲಿವರ್ ಉಳಿಯುತ್ತದೆ. ಕೈಯಿಂದ ಬಲವಾಗಿ ತಳ್ಳಿದರೆ ತಿರುಗಬೇಕು, ಅಷ್ಟು ಬಿಗಿ ಸಾಕು. ಆಮೇಲೆ ನನ್ನ ಕ್ಲಚ್ ಲಿವರ್ ಮುರಿದಿಲ್ಲ.

ಕುದಿತಕ್ಕೆ ಫ್ಯಾನ್ ಹಾಕಿದೆ. ಬಿಸಿ ಏರಿದಾಗ ತಾನಾಗೇ ಓಡುವ ಸ್ವಿಚ್ ಇರುವಂಥದ್ದು. ಮೊದಲ ಸಲ ವೈರನ್ನು ಎಕ್ಸಾಸ್ಟ್ ಪೈಪಿನ ಹತ್ತಿರವೇ ಎಳೆದಿದ್ದೆ, ಎರಡನೇ ಸವಾರಿಯಲ್ಲಿ ಕರಗಿ ಫ್ಯೂಸ್ ಹೋಯಿತು. ಈಗ ವೈರು ಫ್ರೇಮಿನ ಮೇಲಿನಿಂದ ಹೋಗುತ್ತದೆ, ಶಾಖ ತಡೆಯುವ ಕವಚದೊಳಗೆ. ನಿಧಾನ ಆರ್‌ಪಿಎಂನಲ್ಲಿ ಬ್ಯಾಟರಿಗೆ ಚಾರ್ಜ್ ಕಡಿಮೆ, ಫ್ಯಾನ್ ಓಡುತ್ತಲೇ ಇರುತ್ತದೆ, ಹಾಗಾಗಿ ಬ್ಯಾಟರಿ ಚೆನ್ನಾಗಿರಬೇಕು. ಕಿಕ್ ಸ್ಟಾರ್ಟ್ ಇದ್ದರೆ ತೆಗೆಯಬೇಡಿ. ರೇಡಿಯೇಟರ್ ಕ್ಯಾಪನ್ನೂ ಬದಲಾಯಿಸಿದೆ. ಕ್ಯಾಪಿನ ಸ್ಪ್ರಿಂಗ್ ಸಡಿಲವಾದರೆ ಒತ್ತಡ ನಿಲ್ಲುವುದಿಲ್ಲ, ಒತ್ತಡ ಇಲ್ಲದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ. ನೀರು ಮತ್ತು ಗ್ಲೈಕಾಲ್ ಸಮ ಸಮ ಬೆರೆಸಿದ್ದು ತೆರೆದ ಪಾತ್ರೆಯಲ್ಲಿ 107 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಳೇ ಬೈಕಿನಲ್ಲಿ ಇದು ಯಾರೂ ನೋಡದ ಜಾಗ. ಇಂಜಿನ್ ಬಿಸಿ ಇರುವಾಗ ಆ ಕ್ಯಾಪ್ ಮಾತ್ರ ತೆಗೆಯಬೇಡಿ, ಮುಖಕ್ಕೇ ಹಾರುತ್ತದೆ.

ಇಷ್ಟಾದ ಮೇಲೆ ಬೈಕ್ ನಿಲ್ಲುವುದು ಕಡಿಮೆಯಾಯಿತು. ನಿಲ್ಲತೊಡಗಿದ್ದು ನಾನು. ಪುಸ್ತಕದಲ್ಲಿ ಮೂರು ಸವಾರಿ ಒಂದೇ ಮಾತು: ಮುಂಗೈ ಬಿಗಿದುಕೊಂಡಿತು, ಕಲ್ಲಿನ ಮೇಲೆ ಮುಂಚಕ್ರ ಪಕ್ಕಕ್ಕೆ ಹಾರಿತು, ಹಿಂಚಕ್ರ ಸುಮ್ನೆ ತಿರುಗಿತು. ಗೆಳೆಯನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸ್ಯಾಗ್ ಅಳೆದಿದ್ದೀಯೇನೋ?" ಅಳೆದಿರಲಿಲ್ಲ.

ಸ್ಯಾಗ್ ಅಂದರೆ ಭಾರ ಬಿದ್ದಾಗ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಅನ್ನುವ ಲೆಕ್ಕ. ಅಳೆಯುವುದು ಹೀಗೆ. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ ಹಿಂಚಕ್ರ ನೆಲ ಬಿಟ್ಟಿರುವಾಗ, ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡ್ ಮೇಲಿನ ಒಂದು ಗುರುತಿಗೆ ಅಳತೆ ತೆಗೆಯಿರಿ. ನನಗೆ ಸಿಕ್ಕಿದ್ದು 620 ಮಿಲಿಮೀಟರ್. ಬೈಕನ್ನು ನೆಲಕ್ಕಿಳಿಸಿ, ತನ್ನ ತೂಕದಲ್ಲೇ ನಿಂತಾಗ 580. ಅಂದರೆ 40 ಕುಸಿತ. ಪೂರ್ತಿ ಬಟ್ಟೆ, ಬೂಟು, ನೀರಿನ ಚೀಲದ ಜೊತೆ ಫುಟ್‌ಪೆಗ್ ಮೇಲೆ ನಿಂತೆ, ಗೆಳೆಯ ಅಳೆದ: 485. ಒಟ್ಟು 135. ಸುಮಾರು 300 ಮಿಲಿಮೀಟರ್ ಓಟ ಇರುವ ಹಿಂದಿನ ಸಸ್ಪೆನ್ಷನ್‌ನಲ್ಲಿ ಸವಾರ ನಿಂತಾಗ 100ರಿಂದ 110 ಕುಸಿಯಬೇಕು, ಬರೀ ಬೈಕಿಗೆ 30ರಿಂದ 40. ನನ್ನ ಬೈಕ್ ಹಿಂದೆ ಕೂತುಕೊಂಡೇ ಓಡುತ್ತಿತ್ತು. ಮುಂಚಕ್ರ ಹಗುರಾಗಿ ಹಾರುತ್ತಿದ್ದದ್ದು ಅದಕ್ಕೇ.

ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ತಿರುಪು, ಬಿಗಿ ಮಾಡಿ ನಾನು ನಿಂತಾಗಿನ ಕುಸಿತವನ್ನು 110ಕ್ಕೆ ತಂದೆ. ಆಗ ಬರೀ ಬೈಕಿನ ಕುಸಿತ 15ಕ್ಕೆ ಇಳಿಯಿತು. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಬರೀ ಬೈಕಿನ ಕುಸಿತ ಇಷ್ಟು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಯಿತು ಅಂತಲ್ಲ, ನಿಮ್ಮ ತೂಕಕ್ಕೆ ಅದು ಮೆದು ಅಂತ ಅರ್ಥ. ಮೆದು ಸ್ಪ್ರಿಂಗನ್ನು ಒತ್ತಿ ಒತ್ತಿ ಹಿಡಿದಿದ್ದೇವೆ, ಅಷ್ಟೇ. ನನ್ನ ತೂಕ 90 ಕೆಜಿ, ಸವಾರಿಯ ಸಾಮಾನು ಸೇರಿದರೆ 100 ದಾಟುತ್ತದೆ. ಕಂಪನಿಯ ಸ್ಪ್ರಿಂಗ್ 75ರಿಂದ 85 ಕೆಜಿ ಸವಾರನಿಗೆ ಅಂತ ಕೈಪಿಡಿಯಲ್ಲೇ ಬರೆದಿತ್ತು. ಹಿಂದೆ ಒಂದು ಮೆಟ್ಟಿಲು ಗಟ್ಟಿ ಸ್ಪ್ರಿಂಗ್, ಮುಂದೆ ಫೋರ್ಕಿಗೂ ಅದಕ್ಕೆ ಹೊಂದುವ ಸ್ಪ್ರಿಂಗ್ ಹಾಕಿದೆ. ಈಗ ನಾನು ನಿಂತಾಗ 108, ಬರೀ ಬೈಕಿಗೆ 34.

ಸ್ಪ್ರಿಂಗ್ ಸರಿಯಾದ ಮೇಲೆ ಕಂಪ್ರೆಷನ್ ಕ್ಲಿಕ್ಕರ್ ಮೆದು ಮಾಡಿದೆ. ಸಸ್ಪೆನ್ಷನ್ ಎಷ್ಟು ಬೇಗ ಕುಸಿಯಬೇಕು ಅಂತ ಹೊಂದಿಸುವ ತಿರುಪು ಅದು. ಪೂರ್ತಿ ಮುಚ್ಚಿ ಅಲ್ಲಿಂದ ಎಣಿಸುತ್ತಾ ತೆರೆಯಬೇಕು, ಒಂದು ಸಲಕ್ಕೆ ಎರಡೇ ಕ್ಲಿಕ್, ಅದೇ ನೂರು ಮೀಟರ್ ಕಲ್ಲು ದಾರಿಯಲ್ಲಿ ಓಡಿಸಿ ನೋಡಬೇಕು. ಚಕ್ರ ಕಲ್ಲಿಗೆ ತಗುಲಿದಾಗ ಮೇಲೆದ್ದು ಮತ್ತೆ ನೆಲ ಹಿಡಿಯಬೇಕು, ನಿಮ್ಮನ್ನು ಒದೆಯಬಾರದು. ಒಂದೇ ಸಲಕ್ಕೆ ಎರಡು ತಿರುಪು ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಈ ಕೆಲಸಕ್ಕೆ ಇಡೀ ಒಂದು ದಿನ ಕೊಟ್ಟೆ. ಇದುವರೆಗೆ ಬೈಕಿಗಾಗಿ ಕೊಟ್ಟ ದಿನಗಳಲ್ಲಿ ಅದೇ ಒಳ್ಳೆಯದು.

ಇನ್ನು ಟೈರ್. ನನಗೆ ಒಂದೇ ಒಂದು ಬದಲಾವಣೆ ಮಾಡಲು ಬಿಟ್ಟರೆ ಹಿಂದಿನ ಟೈರನ್ನೇ ಆರಿಸುತ್ತೇನೆ. 140/80-18 ಅಳತೆಯ ಮೆದು ರಬ್ಬರಿನ ಟೈರ್, ಸವಾರರು ಗಮ್ಮಿ ಅಂತ ಕರೆಯುವಂಥದ್ದು. ಒದ್ದೆ ಬೇರು, ನಯವಾದ ಬಂಡೆ, ಅಲ್ಲೆಲ್ಲ ಗಟ್ಟಿ ರಬ್ಬರ್ ಜಾರುತ್ತದೆ, ಇದು ಅಂಟಿಕೊಂಡಂತೆ ಹತ್ತುತ್ತದೆ. ಬೇಗ ಸವೆಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಒಳಗೆ ಏನು ಹಾಕಬೇಕು ಅನ್ನುವುದು ದೊಡ್ಡ ಪ್ರಶ್ನೆ. ದಪ್ಪ ಟ್ಯೂಬಿನಲ್ಲಿ ಗಾಳಿಯ ಒತ್ತಡ 8 ಪಿಎಸ್ಐಗಿಂತ ಕೆಳಗೆ ಹೋದಾಗಲೆಲ್ಲ ನನಗೆ ಕಲ್ಲಿನ ಅಂಚು ಟ್ಯೂಬನ್ನು ಕಚ್ಚಿ ಪಂಕ್ಚರ್ ಆಯಿತು. ಟ್ಯೂಬ್ಲಿಸ್ ಅಂತ ಒಂದು ಏರ್ಪಾಡಿದೆ: ಒಳಗಿನ ಸಣ್ಣ ಟ್ಯೂಬಿಗೆ 110 ಪಿಎಸ್ಐ ತುಂಬಿ ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುತ್ತದೆ, ಹೊರಗಿನ ಕೋಣೆಯಲ್ಲಿ 4 ಪಿಎಸ್ಐ ಇದ್ದರೂ ನಡೆಯುತ್ತದೆ. ಒಂದು ವರ್ಷ ಅದರಲ್ಲಿ ಓಡಿಸಿದೆ, ಚೆನ್ನಾಗಿಯೇ ಇತ್ತು, ಆದರೆ ಪ್ರತಿ ಸವಾರಿಗೂ ಮುಂಚೆ ಒತ್ತಡ ನೋಡಲೇಬೇಕು. ಈಗ ಹಿಂದೆ ಮೆದು ಮೂಸ್ ಇದೆ. ಮೂಸ್ ಅಂದರೆ ಗಾಳಿಯ ಬದಲು ಟೈರಿನೊಳಗೆ ಕೂರುವ ರಬ್ಬರ್ ನೊರೆಯ ಉಂಗುರ, ಪಂಕ್ಚರ್ ಅನ್ನುವ ಮಾತೇ ಇಲ್ಲ. ಸಾಧಾರಣ ಮೂಸ್ ಹೊಸದಿದ್ದಾಗ ಸುಮಾರು 13 ಪಿಎಸ್ಐ ಗಾಳಿಯಷ್ಟು ಗಟ್ಟಿ, ಹಾರ್ಡ್ ಎಂಡ್ಯೂರೋಗೆ ಅದು ಜಾಸ್ತಿಯೇ, ಅದಕ್ಕೇ ಮೆದುವಿನದ್ದು. ಹಾಕುವಾಗ ಜೆಲ್ ಧಾರಾಳವಾಗಿ ಬಳಿಯಿರಿ. ಒಣಗಿದ ಮೂಸ್ ಉಜ್ಜಿ ಬಿಸಿಯಾಗಿ ಚೂರಾಗುತ್ತದೆ, ಟಾರು ರಸ್ತೆಯಲ್ಲಿ ವೇಗವಾಗಿ ಓಡಿಸಿದರೂ ಅದೇ ಗತಿ.

ಗೇರಿಂಗ್ ಅಗ್ಗದ ಕೆಲಸ, ಫಲ ದೊಡ್ಡದು. ಚೈನ್ ಓಡುವ ಹಲ್ಲುಚಕ್ರಗಳಲ್ಲಿ ಮುಂದೆ 14, ಹಿಂದೆ 50 ಹಲ್ಲು ಇತ್ತು. ಮುಂದಿನದನ್ನು 13 ಮಾಡಿದೆ. ಅನುಪಾತ 3.57ರಿಂದ 3.85ಕ್ಕೆ ಹೋಯಿತು, ಹಿಂದೆ ಹೆಚ್ಚು ಕಡಿಮೆ ನಾಲ್ಕು ಹಲ್ಲು ಏರಿಸಿದಷ್ಟೇ ಲೆಕ್ಕ. ಈಗ ಕ್ಲಚ್ ಜಾಸ್ತಿ ಜಾರಿಸದೆ ಒಂದನೇ ಗೇರಿನಲ್ಲಿ ಬಂಡೆ ದಾಟಬಹುದು. ಕ್ಲಚ್ ಜಾರದಿದ್ದರೆ ಬಿಸಿಯೂ ಕಡಿಮೆ, ಕುದಿತವೂ ಕಡಿಮೆ.

ಇಂಜಿನ್ನಿಗೆ ಶಕ್ತಿ ಸೇರಿಸಲಿಲ್ಲ, ಇದ್ದದ್ದನ್ನು ಮೃದು ಮಾಡಿದೆ. ನನ್ನ ಮಾದರಿಯಲ್ಲಿ ಪವರ್ ವಾಲ್ವಿಗೆ (ಆರ್‌ಪಿಎಂಗೆ ತಕ್ಕಂತೆ ಎಕ್ಸಾಸ್ಟ್ ದಾರಿ ತೆರೆಯುವ ಬಾಗಿಲು) ಮೂರು ಬಣ್ಣದ ಸ್ಪ್ರಿಂಗ್ ಬರುತ್ತವೆ: ಕೆಂಪು ಹಾಕಿದರೆ ಶಕ್ತಿ ಒಮ್ಮೆಲೇ ನುಗ್ಗುತ್ತದೆ, ಹಳದಿ ಮಧ್ಯಮ, ಹಸಿರು ಮೃದು. ಹಸಿರು ಹಾಕಿದೆ. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲಿಗೆ ತೂಕ ಸೇರಿಸಿದೆ, ಈಗ ಇಂಜಿನ್ ತಟಕ್ಕನೆ ಆಫ್ ಆಗುವುದಿಲ್ಲ. ಕಡಿದಾದ ದಿಬ್ಬದ ಮಧ್ಯೆ ಇಂಜಿನ್ ಆಫ್ ಆದರೆ ಮತ್ತೆ ಕೆಳಗಿನಿಂದಲೇ ಶುರು ಅಲ್ವಾ, ಅದಕ್ಕೆ ಇದು ಬೇಕು. ಜೆಟ್ಟಿಂಗ್, ಅಂದರೆ ಕಾರ್ಬ್ಯುರೇಟರ್ ಪೆಟ್ರೋಲ್ ಬಿಡುವ ಅಳತೆ, ಸರಿ ಮಾಡಿದ ಮೇಲೆ ಕೆಳ ಆರ್‌ಪಿಎಂನ ತೊದಲುವಿಕೆಯೂ ಹೋಯಿತು.

ಕ್ಲಚ್ ಒಂದು ಬೆರಳಲ್ಲಿ ಎಳೆಯುವಂತಿರಬೇಕು. ಸಣ್ಣ ಲಿವರ್, ಸ್ವಲ್ಪ ಕೆಳಕ್ಕೆ ತಿರುಗಿಸಿದ್ದು, ಹ್ಯಾಂಡಲಿನ ಒಳಗೆ ಸರಿಸಿದ್ದು. ಹೈಡ್ರಾಲಿಕ್ ಕ್ಲಚ್ ಇದ್ದರೆ ಅದರಲ್ಲಿ ಬ್ರೇಕ್ ಫ್ಲೂಯಿಡ್ ಇದೆಯೋ ಮಿನರಲ್ ಆಯಿಲ್ ಇದೆಯೋ ಮುಚ್ಚಳದ ಮೇಲೆ ಓದಿ ನೋಡಿ, ಒಂದರ ಬದಲು ಇನ್ನೊಂದು ಸುರಿದರೆ ಸೀಲ್ ಉಬ್ಬಿ ಹಾಳಾಗುತ್ತದೆ.

ಮುಂದೂ ಹಿಂದೂ ಎಳೆಯುವ ಪಟ್ಟಿ ಕಟ್ಟಿದ್ದೇನೆ. ಬಿಸಿ ಇಂಜಿನ್ನು, ಮುಳ್ಳು, ಜಾರುವ ನೆಲ, ಅಲ್ಲಿ ಫೋರ್ಕ್ ಹಿಡಿದು ಎಳೆಯಲು ಆಗುವುದಿಲ್ಲ. ಜೊತೆಯವರು ಎಳೆಯುವಾಗ ಬೆರಳು ಸ್ಪೋಕಿನ ಹತ್ತಿರ ಹೋಗಬಾರದು. ಬೆನ್ನಿನ ಚೀಲದಲ್ಲಿ 8, 10, 13ರ ಸ್ಪ್ಯಾನರ್, ಆಕ್ಸಲ್ ಸ್ಪ್ಯಾನರ್, ಚೈನ್ ಲಿಂಕ್, ಪ್ಲಗ್ಗು, ಒಂದು ಲಿವರ್, ಜಿಪ್ ಟೈ, ಲೋಹಕ್ಕೆ ಹಚ್ಚುವ ಎಪಾಕ್ಸಿ, ಎಳೆಯುವ ಹಗ್ಗ. ಎಪಾಕ್ಸಿ ಒಮ್ಮೆ ಒಡೆದ ಕ್ಲಚ್ ಕವರ್ ಮುಚ್ಚಿ ನಮ್ಮನ್ನು ವಾಪಸ್ ತಂದಿದೆ. ಹಳ್ಳದಲ್ಲಿ ಬೈಕ್ ಮುಳುಗಿದರೆ ಸ್ಟಾರ್ಟ್ ಬಟನ್ ಮುಟ್ಟಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡೇ ಬಗ್ಗಬಹುದು. ಮೊದಲು ಏರ್ ಫಿಲ್ಟರ್ ಹಿಂಡಿ, ಪ್ಲಗ್ ಬಿಚ್ಚಿ, ಬೈಕನ್ನು ತಲೆಕೆಳಗು ಮಾಡಿ ನೀರು ಸುರಿಸಿ, ಆಮೇಲೆ ಕಿಕ್ ಹೊಡೆದು ಉಳಿದದ್ದನ್ನು ಹೊರಗೆ ಹಾಕಿ.

ಹೋದ ವಾರದ ಸವಾರಿಯ ಪುಟದಲ್ಲಿ ಒಂದೇ ಸಾಲಿದೆ: ಉದ್ದದ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಕಾದು ಪೆಡಲ್ ಮೆತ್ತಗಾಯಿತು. ಫ್ಲೂಯಿಡ್ ಹಳೆಯದು, ಬಣ್ಣ ಕಪ್ಪಾಗಿತ್ತು. ಪೆಡಲ್ ಕೂಡ ಸ್ವಲ್ಪ ಎತ್ತರದಲ್ಲಿದೆ, ನಿಂತು ಓಡಿಸುವಾಗ ಬೂಟು ಗೊತ್ತಿಲ್ಲದೆ ಅದರ ಮೇಲೆ ಒರಗಿರುತ್ತದೆ ಅನ್ನಿಸುತ್ತದೆ. ಈ ವಾರ ಫ್ಲೂಯಿಡ್ ಬದಲಾಯಿಸಿ, ಪೆಡಲ್ ಐದು ಮಿಲಿಮೀಟರ್ ಇಳಿಸಿ ಅದೇ ಇಳಿಜಾರಿಗೆ ಮತ್ತೆ ಹೋಗುತ್ತಿದ್ದೇನೆ.